ಅರವತ್ತೇಳನೇ ನಿಮಿಷ

ಫುಟ್‌ಬಾಲ್ ಹುಚ್ಚಿನವರು ನಾಲ್ಕು ಜನ ಸೇರಿದರೆ ಒಂದು ಪ್ರಶ್ನೆ ಬಂದೇ ಬರುತ್ತದೆ. ‘ನಿಮ್ಮ ಟೀಮ್ ಆಡಿದ ಯಾವ ಮ್ಯಾಚ್ ನಿಮಗೆ ತುಂಬಾ ಇಷ್ಟ?’ ಮದುವೆಯಾದವರನ್ನು ಹೆಣ್ಣು ನೋಡಲು ಹೋದ ದಿನದ ಬಗ್ಗೆ ಕೇಳಿದ ಹಾಗೆ ಇದು. ಎಲ್ಲರ ಹತ್ತಿರವೂ ಒಂದು ಕಥೆ ರೆಡಿ ಇರುತ್ತದೆ. ವರ್ಷ ಕಳೆದಂತೆ ಅದಕ್ಕೆ ಒಗ್ಗರಣೆ ಜಾಸ್ತಿಯಾಗುತ್ತದೆ.

ನನ್ನ ಟೀಮ್ ಬೆಂಗಳೂರು ಎಫ್‌ಸಿ. ಅದು ಹುಟ್ಟಿದ್ದು 2013ರಲ್ಲಿ. ನಾನು ಅದಕ್ಕಿಂತ ಮೂವತ್ತು ವರ್ಷ ದೊಡ್ಡವನು. ಅಲ್ಲಿಯವರೆಗೆ ಅಪ್ಪನ ಜೊತೆ ಅಶೋಕನಗರದ ಫುಟ್‌ಬಾಲ್ ಸ್ಟೇಡಿಯಂಗೆ ಹೋಗಿ ಐಟಿಐ, ಎಚ್‌ಎಎಲ್ ಕಾರ್ಖಾನೆ ಟೀಮುಗಳ ಮ್ಯಾಚುಗಳನ್ನು ನೋಡುತ್ತಿದ್ದೆ. ಕಡ್ಲೆಕಾಯಿ ತಿನ್ನುತ್ತಾ, ರೆಫರಿಯನ್ನು ಬೈಯುವ ದೊಡ್ಡವರ ಬಾಯಿಂದ ಹೊಸ ಹೊಸ ಪದ ಕಲಿಯುತ್ತಾ. ಊರಿನ ಹೆಸರು ಹೊತ್ತ ದೊಡ್ಡ ಕ್ಲಬ್ ಬಂತು ಅಂದಾಗ ಅಪ್ಪ ಇರಲಿಲ್ಲ. ಇದ್ದಿದ್ದರೆ, ‘ಕಾರ್ಖಾನೆ ಹುಡುಗರು ಇವರಿಗಿಂತ ಚೆನ್ನಾಗಿ ಆಡ್ತಿದ್ರು’ ಅಂದಿರುತ್ತಿದ್ದರು. ಗ್ಯಾರಂಟಿ.

ಗೆಳೆಯರೆಲ್ಲ 2019ರ ಐಎಸ್‌ಎಲ್ (ಇಂಡಿಯನ್ ಸೂಪರ್ ಲೀಗ್) ಫೈನಲ್ ಎನ್ನುತ್ತಾರೆ. ಮುಂಬೈಯಲ್ಲಿ ಗೋವಾ ವಿರುದ್ಧ 117ನೇ ನಿಮಿಷದಲ್ಲಿ ರಾಹುಲ್ ಭೆಕೆ ತಲೆಯಿಂದ ಹೊಡೆದ ಗೋಲು, ಕೈಗೆ ಬಂದ ಕಪ್. ಹಿಂದಿನ ವರ್ಷ ಅದೇ ಮಾರ್ಚ್ 17ರಂದು ನಮ್ಮ ಕಂಠೀರವದಲ್ಲೇ ಚೆನ್ನೈಯವರ ಕೈಲಿ 3–2ರಿಂದ ಹೊಡೆಸಿಕೊಂಡಿದ್ದೆವಲ್ಲ, ಆ ಉರಿ ಆರಿದ್ದು ಅವತ್ತೇ. ಒಳ್ಳೆಯ ಮ್ಯಾಚು, ಇಲ್ಲ ಅನ್ನಲಾರೆ. ಆದರೆ ನನ್ನ ಮ್ಯಾಚು ಅದಲ್ಲ. ನನ್ನದರಲ್ಲಿ ಕಪ್ಪೇ ಬರಲಿಲ್ಲ.

2016ರ ಅಕ್ಟೋಬರ್ 19, ಬುಧವಾರ. ಏಷ್ಯಾದ ಕ್ಲಬ್ಬುಗಳು ಆಡುವ ಎಎಫ್‌ಸಿ ಕಪ್‌ನ ಸೆಮಿಫೈನಲ್. ಎದುರಿಗೆ ಮಲೇಷ್ಯಾದ ಜೊಹರ್ ದಾರುಲ್ ತಾಜಿಮ್. ಹಿಂದಿನ ವರ್ಷ ಕಪ್ ಗೆದ್ದವರು. ನಮ್ಮವರು ಅಲ್ಲಿಯವರೆಗೆ ಅವರನ್ನು ಒಂದು ಸಲವೂ ಸೋಲಿಸಿರಲಿಲ್ಲ. ಸೆಮಿಫೈನಲ್ ಅಂದರೆ ಎರಡು ಮ್ಯಾಚು, ಎರಡರ ಗೋಲೂ ಕೂಡಿಸಿ ಲೆಕ್ಕ. ಮೊದಲ ಮ್ಯಾಚು ಅವರ ಊರಲ್ಲಿ 1–1 ಆಗಿತ್ತು. ಲೆಕ್ಕ ಸಮವಾದರೆ ಎದುರಾಳಿಯ ಊರಲ್ಲಿ ಹೊಡೆದ ಗೋಲಿಗೆ ಆಗ ತೂಕ ಜಾಸ್ತಿ. ಅಂದರೆ ಇಲ್ಲಿ ಗೋಲೇ ಇಲ್ಲದೆ ಮುಗಿದರೂ ಫೈನಲ್‌ಗೆ ನಾವೇ. ಭಾರತದ ಯಾವ ಕ್ಲಬ್ಬೂ ಆ ಫೈನಲ್ ಕಂಡಿರಲಿಲ್ಲ.

ಆರು ವರ್ಷದ ಮಗನನ್ನು ಕರೆದುಕೊಂಡು ಹೊರಟೆ. ‘ನಾಳೆ ಸ್ಕೂಲಿದೆ, ನೆನಪಿದೆ ಅಲ್ವಾ?’ ಅಂದಳು ಹೆಂಡತಿ. ಮಗನಿಗೆ ಅಲ್ಲ, ನನಗೆ. ಆ ವರ್ಷವಷ್ಟೇ ಶುರುವಾಗಿದ್ದ ಕಬ್ಬನ್ ಪಾರ್ಕ್ ಮೆಟ್ರೊ ಸ್ಟೇಷನ್ನಿನಲ್ಲಿ ಇಳಿದೆವು. ಅವನಿಗೆ ಎಸ್ಕಲೇಟರ್ರೇ ಮ್ಯಾಚಿಗಿಂತ ಇಷ್ಟವಾಯಿತು. ಎರಡು ಸಲ ಹತ್ತಿಸಬೇಕಾಯಿತು.

ಕಂಠೀರವದಲ್ಲಿ ಮೈದಾನಕ್ಕೂ ಗ್ಯಾಲರಿಗೂ ನಡುವೆ ಓಟದ ಟ್ರ್ಯಾಕ್ ಇದೆ. ಅದು ಅಥ್ಲೆಟಿಕ್ಸ್‌ಗೆ ಅಂತ ಕಟ್ಟಿದ್ದು. ಫುಟ್‌ಬಾಲ್ ಅಲ್ಲಿ ಬಾಡಿಗೆ ಮನೆಯಲ್ಲಿದ್ದಂತೆ. ಆಟಗಾರರ ಮುಖ ಸರಿಯಾಗಿ ಕಾಣುವುದಿಲ್ಲ, ನಡಿಗೆಯಲ್ಲೇ ಗುರುತು ಹಿಡಿಯಬೇಕು. ಸುನಿಲ್ ಚೆಟ್ರಿಯನ್ನು ಮಾತ್ರ ಎಷ್ಟು ದೂರದಿಂದಲೂ ಹಿಡಿಯಬಹುದು. ಗಿಡ್ಡ ಮನುಷ್ಯ, ಒಂದು ಕಡೆ ನಿಲ್ಲುವವನಲ್ಲ. ತಿರುಗಿ ತಿರುಗಿ ಹಿಂದೆ ನೋಡುತ್ತಿರುತ್ತಾನೆ, ಬಸ್‌ಸ್ಟಾಪಿನಲ್ಲಿ ಬಸ್ಸು ಬಂತಾ ಅಂತ ನೋಡುವವರ ಹಾಗೆ.

11ನೇ ನಿಮಿಷಕ್ಕೇ ಸಫಿಕ್ ರಹೀಂ ಗೋಲು ಹೊಡೆದ. ಸ್ಟೇಡಿಯಂ ಪೂರ್ತಿ ತಣ್ಣಗಾಯಿತು. ಪಕ್ಕದಲ್ಲಿ ಕೂತಿದ್ದ ಒಬ್ಬ ಹಿರಿಯರು, ಬಿಳಿ ಮೀಸೆ, ಕಾಲರ್ ಹಿಂದೆ ಕರ್ಚೀಫು, ‘ನಂಗೊತ್ತಿತ್ತು’ ಅಂದರು. ನಮ್ಮ ಕಡೆ ಗೋಲು ಬಿದ್ದಾಗೆಲ್ಲ ‘ನಂಗೊತ್ತಿತ್ತು’ ಅನ್ನುವ ಒಬ್ಬರು ಪ್ರತಿ ಸ್ಟ್ಯಾಂಡಿನಲ್ಲೂ ಇರುತ್ತಾರೆ. ಗೊತ್ತಿದ್ದರೆ ಟಿಕೆಟ್ ಯಾಕೆ ತಗೊಂಡಿರಿ ಸ್ವಾಮಿ, ಅಂತ ಕೇಳುವ ಧೈರ್ಯ ನನಗಿಲ್ಲ. 41ನೇ ನಿಮಿಷದಲ್ಲಿ ಲಿಂಗ್ಡೊ ಕಾರ್ನರ್ ಒದ್ದ. ಅಷ್ಟು ಎತ್ತರದವರ ನಡುವೆ ತಲೆ ಕೊಟ್ಟಿದ್ದು ಯಾರು? ನಮ್ಮ ಗಿಡ್ಡ ಚೆಟ್ರಿ. 1–1. ಮೀಸೆಯವರು ಮತ್ತೆ ‘ನಂಗೊತ್ತಿತ್ತು’ ಅಂದರು!

ಎರಡನೇ ಅರ್ಧ ಉಸಿರು ಬಿಗಿಹಿಡಿದುಕೊಂಡೇ ನಡೆಯಿತು. ಲೆಕ್ಕ ಸಮಸಮ. ಯಾರು ಮೊದಲು ಎಡವುತ್ತಾರೋ ಅವರು ಮನೆಗೆ. ಅಷ್ಟರಲ್ಲಿ ಮಗ ನನ್ನ ಅಂಗಿ ಎಳೆದ. ‘ಅಪ್ಪಾ, ಒಂದಕ್ಕೆ.’

‘ಸ್ವಲ್ಪ ತಡ್ಕೊಳೋ.’

‘ಆಗಲ್ಲಪ್ಪಾ.’

ಮುಖ ನೋಡಿದರೆ ನಿಜವಾಗಿಯೂ ಆಗುವಂತಿರಲಿಲ್ಲ. ಮಂಡಿಗಳನ್ನು ದಾಟಿಕೊಂಡು, ‘ಸ್ವಲ್ಪ ಜಾಗ ಕೊಡಿ’ ಅನ್ನುತ್ತಾ ಗ್ಯಾಲರಿಯ ಕೆಳಗೆ ಇಳಿದೆವು. ಅಲ್ಲಿ ಒದ್ದೆ ನೆಲ, ಮಿಣಮಿಣ ಎನ್ನುವ ಟ್ಯೂಬ್‌ಲೈಟು. ಅವನ ಪ್ಯಾಂಟಿನ ಜಿಪ್ಪು ಸಿಕ್ಕಿಕೊಂಡಿತ್ತು. ಮಂಡಿಯೂರಿ ಕೂತು ಬಿಡಿಸಿದೆ. ಅವನು ಶುರು ಮಾಡಿದ, ಬಂದಿದ್ದೇವಲ್ಲ ಅಂತ ನಾನೂ ಪಕ್ಕದಲ್ಲಿ ನಿಂತೆ. ಮೇಲೆ ಒಂದು ಕ್ಷಣ ಸದ್ದೆಲ್ಲ ನಿಂತುಹೋಯಿತು. ಸಾವಿರಾರು ಜನ ಒಟ್ಟಿಗೆ ಉಸಿರು ಒಳಗೆ ಎಳೆದುಕೊಂಡರೆ ಹೇಗಿರುತ್ತದೆ ಅಂತ ನನಗೆ ಗೊತ್ತಾಗಿದ್ದು ಆಗಲೇ. ಮರುಕ್ಷಣ ತಲೆ ಮೇಲಿನ ಕಾಂಕ್ರೀಟು ಗುಡುಗಿತು. ಟ್ಯೂಬ್‌ಲೈಟ್ ಅಲುಗಿ, ಆರಿ, ಮತ್ತೆ ಹತ್ತಿತು. ಮಗ ಹೆದರಿ ಅಳಲು ಶುರು ಮಾಡಿದ. ಆಚೆ ತುದಿಯಲ್ಲಿ ಗೋಡೆ ಕಡೆ ಮುಖ ಮಾಡಿ ನಿಂತಿದ್ದವರೊಬ್ಬರು ಕತ್ತು ತಿರುಗಿಸಿದರು. ಅದೇ ಬಿಳಿ ಮೀಸೆ.

‘ಯಾರ್ದು ಗೋಲು?’

‘ಈ ಸದ್ದು ನೋಡಿದ್ರೆ ನಮ್ದೇ ಇರ್ಬೇಕು ಸರ್.’

ಕೈ ತೊಳೆಯದೆ ಇಬ್ಬರೂ ತಬ್ಬಿಕೊಂಡೆವು. ಪುಣ್ಯಕ್ಕೆ ‘ನಂಗೊತ್ತಿತ್ತು’ ಅನ್ನಲಿಲ್ಲ.

ಮೇಲೆ ಹೋದರೆ ಜಾತ್ರೆ. ಗುರುತಿಲ್ಲದವನೊಬ್ಬ ನನ್ನ ಹೆಗಲು ಹಿಡಿದು ಅಲ್ಲಾಡಿಸುತ್ತಾ, ‘ನೋಡಿದ್ರಾ ಗುರುಗಳೇ, ಬಾಕ್ಸ್ ಹೊರಗಿಂದ! ನೋಡಿದ್ರಾ!’ ಅಂದ. ‘ನೋಡಿದೆ, ನೋಡಿದೆ’ ಅಂದೆ. ಆ ಗೋಲಿನ ಬಗ್ಗೆ ನಾನು ಹೇಳಿದ ಮೊದಲ ಸುಳ್ಳು ಅದು. ಆಮೇಲೆ ಎಷ್ಟೋ ಹೇಳಿದ್ದೇನೆ. 75ನೇ ನಿಮಿಷದಲ್ಲಿ ಲಿಂಗ್ಡೊ ಫ್ರೀ ಕಿಕ್ಕಿಗೆ ಹುವಾನನ್ ತಲೆ ಕೊಟ್ಟ. 3–1. ಅದನ್ನು ಮಾತ್ರ ಕಣ್ಣಾರೆ ನೋಡಿದೆ. ವಿಚಿತ್ರ ಅಂದರೆ ಅದು ಅಷ್ಟಾಗಿ ನೆನಪಿಲ್ಲ.

ನವೆಂಬರ್ 5ರಂದು ದೋಹಾದಲ್ಲಿ ಫೈನಲ್. ಇರಾಕಿನ ಏರ್ ಫೋರ್ಸ್ ಕ್ಲಬ್ 1–0ರಿಂದ ಗೆದ್ದಿತು. ಮನೆಯಲ್ಲಿ ಟಿವಿ ಮುಂದೆ ಕೂತು ನೋಡಿದೆ. ಬೇಜಾರಾಯಿತು, ಊಟ ಮಾಡಿ ಮಲಗಿದೆ.

ಅರವತ್ತೇಳನೇ ನಿಮಿಷದ ಗೋಲನ್ನು ಆಮೇಲೆ ಮೊಬೈಲ್‌ನಲ್ಲಿ ಎಷ್ಟು ಸಲ ನೋಡಿದ್ದೇನೋ ಲೆಕ್ಕವಿಲ್ಲ. ಅಷ್ಟು ದೂರದಿಂದ ಹೊಡೆಯುವ ಧೈರ್ಯ, ಗೋಲ್‌ಕೀಪರ್ ಕೈಗೆ ಸಿಗದ ಚೆಂಡು, ಎಲ್ಲ ಬಾಯಿಪಾಠ. ಆದರೂ ಏನೋ ಕಮ್ಮಿ ಅನಿಸುತ್ತದೆ. ಅದರಲ್ಲಿ ಟ್ಯೂಬ್‌ಲೈಟ್ ಆರಿ ಹತ್ತುವುದಿಲ್ಲ. ಗ್ಯಾಲರಿಯ ಮೇಲಿದ್ದವರಿಗೆ ಗೋಲು ಕಂಡಿತು. ಕಂಠೀರವ ಗುಡುಗಿದ್ದನ್ನು ಅದರ ಹೊಟ್ಟೆಯೊಳಗೆ ನಿಂತು ಕೇಳಿದವರು ನಾವು ಮೂರೇ ಜನ.

ಮಗ ಈಗ ಹತ್ತನೇ ಕ್ಲಾಸು. ನನಗಿಂತ ಜಾಸ್ತಿ ಫುಟ್‌ಬಾಲ್ ಮಾತಾಡುತ್ತಾನೆ, ನನ್ನ ಅಭಿಪ್ರಾಯಗಳಿಗೆ ಕಣ್ಣು ಮೇಲೆ ಮಾಡುತ್ತಾನೆ. ಮೊನ್ನೆ ಅವನ ಗೆಳೆಯರು ಮನೆಗೆ ಬಂದಿದ್ದರು. ಅಡುಗೆಮನೆಯಲ್ಲಿ ಚುರುಮುರಿಗೆ ಈರುಳ್ಳಿ ಹೆಚ್ಚುತ್ತಿದ್ದ ನನಗೆ ಹಾಲಿನಿಂದ ಮಾತು ಕೇಳಿಸಿತು.

‘ಲೇ, ಜೊಹರ್ ಮ್ಯಾಚಲ್ಲಿ ಚೆಟ್ರಿ ಆ ಗೋಲ್ ಹೊಡೆದಾಗ ನಾನು ಸ್ಟೇಡಿಯಂನಲ್ಲೇ ಇದ್ದೆ ಕಣೋ. ನಾನು, ನಮ್ಮಪ್ಪ ಇಬ್ರೂ ಎದ್ದು ನಿಂತಿದ್ವಿ.’

ಚಾಕು ಕೆಳಗಿಟ್ಟು ಯೋಚಿಸಿದೆ. ನಿಂತಿದ್ದಂತೂ ನಿಜವೇ.