ಈ ಡಬ್ಬ ಯಾವ ಊರಿನದು ಸ್ವಾಮಿ?

ಕ್ಯಾಲಿಫೋರ್ನಿಯಾದಲ್ಲಿ ಬ್ಯಾಟರಿ, ಟ್ಯೂಬ್‌ಲೈಟುಗಳನ್ನು ಮನೆಯ ಕಸದ ಡಬ್ಬಿಗೆ ಹಾಕುವಂತಿಲ್ಲ. 2006ರಿಂದ ಹಾಗೆ. ಉಳಿದ ಪೇಂಟು, ಥಿನ್ನರು, ಇರುವೆಗೆ ಹೊಡೆಯುವ ಔಷಧಿ, ಕಾರಿನ ಹಳೇ ಆಯಿಲು ಎಲ್ಲವೂ ಅದೇ ಜಾತಿಗೆ ಸೇರಿದವು. ಅದಕ್ಕೇ ನಮ್ಮ ಕೌಂಟಿಯವರು (ಕೌಂಟಿ ಅಂದರೆ ನಮ್ಮ ಕಡೆಯ ಜಿಲ್ಲೆ ಇದ್ದ ಹಾಗೆ) ಕೆಲವು ಶನಿವಾರ ಒಂದು ಬಯಲಲ್ಲಿ ಟೆಂಟು ಹಾಕಿ, ಇದನ್ನೆಲ್ಲ ಬಿಟ್ಟಿಯಾಗಿ ತೆಗೆದುಕೊಳ್ಳುತ್ತಾರೆ.

ಹೋದ ವರ್ಷ ನಾವು ಮನೆ ಕೊಂಡಾಗ ಗ್ಯಾರೇಜಿನಲ್ಲಿ ಏಳು ಪೇಂಟ್ ಡಬ್ಬ ಇದ್ದವು. ಹಿಂದಿನ ಮಾಲೀಕರು ಬಿಟ್ಟುಹೋದ ಬಳುವಳಿ. ಅವನ್ನು ಸಾಗಿಸೋಣ ಅಂತ ಹೊರಟೆ. ತುಮಕೂರಿನಿಂದ ಆರು ತಿಂಗಳಿಗೆಂದು ಬಂದಿರುವ ಅಪ್ಪನೂ ಕಾರು ಹತ್ತಿದರು. ಕಿವಿ ಮಿಷನ್ನಿನ ಹಳೇ ಬ್ಯಾಟರಿಗಳನ್ನು ಪೊಟ್ಟಣ ಕಟ್ಟಿ ಜೇಬಿಗೆ ಹಾಕಿಕೊಂಡಿದ್ದರು.

ಮುಂದೆ ಮೂವತ್ತು ಕಾರು. ಒಂದು ಸಲಕ್ಕೆ 15 ಗ್ಯಾಲನ್ ಅಥವಾ 125 ಪೌಂಡ್, ಅದಕ್ಕಿಂತ ಜಾಸ್ತಿ ತರುವಂತಿಲ್ಲ ಅಂತ ಬೋರ್ಡು. ಅಳತೆಯಲ್ಲಿ ನಾನು ಪಾಸು. ಫೇಲಾಗಿದ್ದು ವಿಳಾಸದಲ್ಲಿ.

"ಲೈಸೆನ್ಸ್ ತೋರಿಸಿ," ಅಂದ ಕಿತ್ತಳೆ ಜಾಕೀಟಿನ ಹುಡುಗ. ತೋರಿಸಿದೆ. "ಇದು ಪಕ್ಕದ ಕೌಂಟಿ."

ಇಲ್ಲೊಂದು ತಮಾಷೆ ಇದೆ. ಮನೆ ಬದಲಾಯಿಸಿದ 10 ದಿನದೊಳಗೆ ಹೊಸ ವಿಳಾಸ ತಿಳಿಸಬೇಕು ಅಂತ ಇಲ್ಲಿನ ಕಾನೂನು. ನಾನು ತಿಳಿಸಿದ್ದೆ. ಆದರೆ ತಿಳಿಸಿದ ಮಾತ್ರಕ್ಕೆ ಹೊಸ ಕಾರ್ಡು ಬರುವುದಿಲ್ಲ. ಬೇಕಿದ್ದರೆ ಬೇರೆ ದುಡ್ಡು ಕಟ್ಟಬೇಕು. ಹಾಗಾಗಿ ಸರ್ಕಾರದ ಕಂಪ್ಯೂಟರಿನಲ್ಲಿ ನಾನು ಹೊಸ ಮನೆಯಲ್ಲಿದ್ದೇನೆ, ನನ್ನ ಜೇಬಿನಲ್ಲಿ ಮಾತ್ರ ಇನ್ನೂ ಹಳೇ ಮನೆಯಲ್ಲೇ ಬಾಡಿಗೆಗಿದ್ದೇನೆ.

"ಕರೆಂಟ್ ಬಿಲ್ ಇದೆಯಾ?" ಇತ್ತು, ಫೋನಿನಲ್ಲಿ. ಮರ ಉಳಿಸಿ, ಪರಿಸರ ಕಾಪಾಡಿ ಅಂತ ಅವರೇ ಗೋಗರೆದಿದ್ದಕ್ಕೆ ಕಾಗದದ ಬಿಲ್ಲು ಬಿಟ್ಟಿದ್ದೆ. ಹುಡುಗ ತಲೆಯಾಡಿಸಿದ. ಪ್ರಿಂಟೇ ಆಗಬೇಕಂತೆ. ಅದೂ ಅಲ್ಲದೆ ಬಿಲ್ಲಿರುವುದು ನನ್ನ ಹೆಂಡತಿ ಹೆಸರಲ್ಲಿ. ಅವಳು ನನ್ನ ಹೆಂಡತಿ ಅನ್ನುವುದಕ್ಕೆ ನನ್ನ ಹತ್ತಿರ ಏನಿತ್ತು? ಹನ್ನೊಂದು ವರ್ಷದ ಸಹನೆ. ಅದನ್ನೂ ಪ್ರಿಂಟ್ ಹಾಕಿಸಿರಲಿಲ್ಲ.

"ಏನೋ ಇದು, ಸೈಟ್ ರಿಜಿಸ್ಟ್ರೇಷನ್ನಾ?" ಅಂದರು ಅಪ್ಪ.

ಕೌಂಟಿಯವರ ಕಷ್ಟವೂ ಸುಳ್ಳಲ್ಲ. ಕಸಕ್ಕೆ ದುಡ್ಡು ಕೊಡುವವರು ಈ ಊರಿನವರು, ಪಕ್ಕದವರ ವಿಷವನ್ನು ಇವರು ಯಾಕೆ ಹೊರಬೇಕು? ಅಂಗಡಿಯವರು ಮನೆಯವರ ವೇಷದಲ್ಲಿ ಬರುವ ಭಯವೂ ಇದೆ. ಅಮೆರಿಕದ ಫೆಡರಲ್ ಕಾನೂನಿನಲ್ಲಿ ಮನೆಯಿಂದ ಹೊರಬಿದ್ದ ಥಿನ್ನರ್ ಡಬ್ಬ 'ಅಪಾಯಕಾರಿ ತ್ಯಾಜ್ಯ'ದ ಲೆಕ್ಕಕ್ಕೇ ಇಲ್ಲ, ಅದೇ ಡಬ್ಬ ಪೇಂಟಿಂಗ್ ಕಂಪನಿಯಿಂದ ಬಂದರೆ ಉಂಟು. ಡಬ್ಬದ ಗುಣ ಡಬ್ಬದಲ್ಲಿಲ್ಲ, ಹುಟ್ಟಿದ ಮನೆಯಲ್ಲಿದೆ. ಜಾತಕ ಕೇಳದೆ ಹೇಗೆ ಒಳಗೆ ಬಿಡುತ್ತಾರೆ?

ಆದರೆ ಚರಂಡಿಗೆ ಈ ಭೇದ ಇಲ್ಲವಲ್ಲ. ನಾನು ಅದೇ ಥಿನ್ನರನ್ನು ರಾತ್ರಿ ಹತ್ತಕ್ಕೆ ರಸ್ತೆ ಬದಿಯ ಮಳೆನೀರಿನ ಮೋರಿಗೆ ಸುರಿದರೆ ಕೊನೆಗೆ ಸೇರುವುದು ಸ್ಯಾನ್ ಫ್ರಾನ್ಸಿಸ್ಕೋ ಕೊಲ್ಲಿಗೆ. ಪಕ್ಕದ ಕೌಂಟಿಯವನು ಸುರಿದರೂ ಅಲ್ಲಿಗೇ. ಮೋರಿಯ ಬಾಯಲ್ಲಿ ಕಿತ್ತಳೆ ಜಾಕೀಟಿನ ಹುಡುಗ ನಿಂತಿರುವುದಿಲ್ಲ. ಕರೆಂಟ್ ಬಿಲ್ಲೂ ಬೇಡ, ಹೆಂಡತಿಯೂ ಬೇಡ.

ಅಪ್ಪ ಅಷ್ಟರಲ್ಲಿ ಪೊಟ್ಟಣ ಚಾಚಿದರು. "ಇದನ್ನಾದರೂ ತಗೊಳಪ್ಪ." ಹುಡುಗ ನನ್ನನ್ನು ಕೇಳಿದ, ಇವರು ಇಲ್ಲಿನ ನಿವಾಸಿಯಾ ಅಂತ. ವಿಸಿಟರ್ ವೀಸಾ ಅಂದೆ. ಪೊಟ್ಟಣ ಹಾಗೇ ವಾಪಸ್ಸು ಬಂತು, ತುಂಬಾ ಮರ್ಯಾದೆಯಿಂದ, 'ಹ್ಯಾವ್ ಎ ನೈಸ್ ಡೇ' ಸಮೇತ.

ದಾರಿಯುದ್ದಕ್ಕೂ ಅಪ್ಪ ನಗುತ್ತಿದ್ದರು. "ನಮ್ಮ ಬೀದಿಗೆ ಹಳೇ ಕಬ್ಬಿಣದವನು ಬರ್ತಾನಲ್ಲ, ಅವನು ಇವತ್ತಿನ ತನಕ ನನ್ನ ಹೆಸರೂ ಕೇಳಿಲ್ಲ. ಮೇಲೆ ದುಡ್ಡು ಕೊಟ್ಟು ಹೋಗ್ತಾನೆ. ಬೆಂಗಳೂರಲ್ಲಂತೂ ಕಸದವರೇ ವಿಳಾಸ ಹುಡುಕ್ಕೊಂಡು ಬಂದ್ರಲ್ಲ!" ಅದು ನಿಜ. 2025ರ ಅಕ್ಟೋಬರಿನಲ್ಲಿ ಬೆಂಗಳೂರಿನಲ್ಲಿ ರಸ್ತೆಗೆ ಕಸ ಎಸೆದವರ ವಿಡಿಯೋ ಮಾಡಿ, ಮನೆ ಪತ್ತೆ ಹಚ್ಚಿ, ಬಾಗಿಲ ಮುಂದೆಯೇ ಕಸ ಸುರಿದು ದಂಡ ಹಾಕಿದರು. ಅಲ್ಲಿ ಯಾರೂ ಕರೆಂಟ್ ಬಿಲ್ ತೋರಿಸಬೇಕಾಗಿ ಬರಲಿಲ್ಲ. ಕಸವೇ ಅಡ್ರೆಸ್ ಪ್ರೂಫು.

ಡಬ್ಬಗಳು ಮತ್ತೆ ಗ್ಯಾರೇಜಿಗೆ ಬಂದವು. ಇಳಿಸುವಾಗ ಅಪ್ಪ ಕನ್ನಡಕ ಮೂಗಿಗೇರಿಸಿ ಒಂದರ ಮೇಲಿದ್ದ ಅಂಗಡಿಯ ಚೀಟಿ ಓದಿದರು. ಇದೇ ಊರಿನ ಅಂಗಡಿ. ತಾರೀಖು 2011.

"ಇದು ಈ ಊರಿಗೆ ಬಂದಿದ್ದು 2011ರಲ್ಲಿ," ಅಂದರು. "ನೀನು?"

"ಹೋದ ವರ್ಷ."

"ಹಂಗಾದ್ರೆ ಮುಂದಿನ ಸಲ ಇದನ್ನ ಮುಂದಿನ ಸೀಟಲ್ಲಿ ಕೂರಿಸು. ನೀನು ಡಿಕ್ಕೀಲಿ ಕೂತ್ಕೊ."