ತಗೋಬೇಕಾದ ಆಲ್ಬಮ್‌ಗಳ ಪಟ್ಟಿ ಎಲ್ಲಿದೆ?

ತಗೋಬೇಕು ಅಂದುಕೊಂಡ ಹಾಡಿನ ಆಲ್ಬಮ್‌ಗಳ ಹೆಸರುಗಳು ನನ್ನ ಹತ್ತಿರ ಎಲ್ಲೆಲ್ಲೂ ಇವೆ, ಬೇಕಾದಾಗ ಮಾತ್ರ ಎಲ್ಲೂ ಇಲ್ಲ. ಒಂದಷ್ಟು ಫೋನಿನ ನೋಟ್ಸ್‌ನಲ್ಲಿ, ಒಂದಷ್ಟು ನನಗೆ ನಾನೇ ಕಳಿಸಿಕೊಂಡ ವಾಟ್ಸಾಪ್‌ನಲ್ಲಿ, ಉಳಿದದ್ದೆಲ್ಲ ಸ್ಕ್ರೀನ್‌ಶಾಟ್. ಅವೋ, ಕರೆಂಟ್ ಬಿಲ್ಲು, ಮದುವೆ ಕರೆಯೋಲೆಗಳ ನಡುವೆ ಹೂತುಹೋಗಿರುತ್ತವೆ. ಹುಡುಕಿ ತೆಗೆದರೂ ಮುಖಪುಟ ಅರ್ಧ ಕಟ್ಟಾಗಿ ಬೆಲೆ ಮಾತ್ರ ಕಾಣುತ್ತಿರುತ್ತದೆ.

ಹೊಸ ಆಲ್ಬಮ್ ಆದರೆ ಹೇಗೋ ಆಗುತ್ತದೆ. ನನಗೆ ಬೇಕಾದದ್ದು ಹಳೇ ಕನ್ನಡ ರೆಕಾರ್ಡು. ಭಾನುವಾರ ಚಿಕ್ಕಪೇಟೆ ಸಂತೆಯಲ್ಲಿ ರಾಶಿ ಮುಂದೆ ಕುಕ್ಕರುಗಾಲಿನಲ್ಲಿ ಕೂತರೆ ಅಂಗಡಿಯವರು, "ಏನ್ ಬೇಕು ಸಾರ್, ಬೇಗ ಹೇಳಿ" ಅನ್ನುತ್ತಾರೆ. ಹೇಳೋದಕ್ಕೆ ಹೆಸರು ಕೈಯಲ್ಲಿರಬೇಕಲ್ವಾ! ಒಂದೇ ಸಿನಿಮಾದ ಹಾಡು ನಿಮಿಷಕ್ಕೆ 45 ಸುತ್ತು ತಿರುಗುವ ಪುಟ್ಟ ರೆಕಾರ್ಡಿನಲ್ಲೂ (ಇಪಿ) ಇರುತ್ತದೆ, 33⅓ ಸುತ್ತಿನ ದೊಡ್ಡ ರೆಕಾರ್ಡಿನಲ್ಲೂ (ಎಲ್‌ಪಿ) ಇರಬಹುದು. ಇಪಿಯಲ್ಲಿ ಸಾಮಾನ್ಯವಾಗಿ ನಾಲ್ಕೇ ಹಾಡು. ನನಗೆ ಬೇಕಾದ ಐದನೆಯದು ಯಾವುದರಲ್ಲಿದೆ ಅಂತ ಬರೆದುಕೊಂಡಿರೋದು ಅಡುಗೆಮನೆಯ ಕ್ಯಾಲೆಂಡರ್ ಮೇಲೆ.

ಭಾವಗೀತೆಯದ್ದು ಇನ್ನೊಂದು ಗೋಳು. 1978ರಲ್ಲಿ ನಿಸಾರ್ ಅಹಮದ್ ಕವಿತೆಗಳ 'ನಿತ್ಯೋತ್ಸವ' ಕ್ಯಾಸೆಟ್ ಬಂತು, ಮೈಸೂರು ಅನಂತಸ್ವಾಮಿ ಸಂಗೀತ. ಅದಕ್ಕಾದರೆ ಒಂದು ಹೆಸರಿದೆ, ಪುಣ್ಯ. ಆಮೇಲಾಮೇಲೆ ಬಂದ ಸೀಡಿಗಳಲ್ಲಿ ಎಲ್ಲರ ಹಾಡನ್ನೂ ಕಲಸಿಬಿಟ್ಟರು. "ಭಾವಗೀತೆಗಳು, ಭಾಗ 2" ಅಂತ ಬರೆದಿಟ್ಟುಕೊಂಡರೆ ಏನುಪಯೋಗ? ಯಾರ ಭಾಗ 2?

ಕೊನೆಗೆ ಒಂದು ಆ್ಯಪ್‌ನಲ್ಲಿ ವಿಶ್‌ಲಿಸ್ಟ್ ಮಾಡಿದೆ. ಸ್ಟಾಕ್ ಮುಗಿದರೆ ಅದು ಹೆಸರನ್ನೇ ಅಳಿಸಿಹಾಕುತ್ತದೆ. ಸಿಗದೇ ಇರೋದಕ್ಕೇ ತಾನೇ ಸ್ವಾಮಿ ಪಟ್ಟಿ ಬೇಕಾಗಿರೋದು?