ದಸರೆಗೂ ದೀಪಾವಳಿಗೂ ನಡುವಿನ ವಾರಾಂತ್ಯಗಳನ್ನು ಮನೆಗೆ ಬಿಟ್ಟುಕೊಡಿ

ಜಂಬೂಸವಾರಿ ಮುಗಿದು, ಬನ್ನಿಮಂಟಪದಲ್ಲಿ ಪಂಜಿನ ಕವಾಯತಿನ ಕೊನೆಯ ಬೆಳಕು ಆರಿದ ಮೇಲೆ ಮೈಸೂರಿಗೆ ಒಂದು ಸಣ್ಣ ಬಿಡುವು ದೊರೆಯುತ್ತದೆ. ಆಶ್ವಯುಜ ಶುದ್ಧ ದಶಮಿಯಿಂದ ಬಹುಳ ಚತುರ್ದಶಿಯವರೆಗೆ ತಿಥಿಯ ಲೆಕ್ಕದಲ್ಲಿ 19 ದಿನಗಳು. 2024ರಲ್ಲಿ ಅಕ್ಟೋಬರ್ 12ರಂದು ವಿಜಯದಶಮಿ, 31ರಂದು ನರಕ ಚತುರ್ದಶಿ. 2025ರಲ್ಲಿ ಅದೇ ತಿಂಗಳ 2ರಂದು ಒಂದು, 20ರಂದು ಇನ್ನೊಂದು. ಈ ಅವಧಿಯಲ್ಲಿ ಬರುವ ಎರಡು, ಹೆಚ್ಚೆಂದರೆ ಮೂರು ವಾರಾಂತ್ಯಗಳನ್ನು ಪ್ರವಾಸಕ್ಕೂ ಮಾಲ್‌ಗೂ ಕೊಡದೆ ಮನೆಯಲ್ಲಿಯೇ ಕಳೆಯಬೇಕು ಎಂಬುದು ನನ್ನ ಗಟ್ಟಿಯಾದ ಅಭಿಪ್ರಾಯ. ಶನಿವಾರ ಬೆಳಗಾಗುತ್ತಿದ್ದಂತೆ ಮಡಿಕೇರಿಯ ರಸ್ತೆ, ಊಟಿಯ ರಸ್ತೆ ಎರಡೂ ವಾಹನಗಳಿಂದ ತುಂಬಿಹೋಗುವುದನ್ನು ನೋಡಿದಾಗಲೆಲ್ಲ, ನಮ್ಮ ಊರಿನ ಅತ್ಯಂತ ಹಿತವಾದ ದಿನಗಳನ್ನು ನಾವೇ ಕಾರಿನೊಳಗೆ ಕುಳಿತು ಕಳೆಯುತ್ತಿದ್ದೇವಲ್ಲ ಎಂದು ನನಗೆ ನಿಜವಾಗಿಯೂ ಬೇಸರವಾಗುತ್ತದೆ.

ಮಳೆಗಾಲವೆಂದರೆ ಜೂನ್, ಜುಲೈ ಎಂದು ಕರಾವಳಿಯವರೂ ಮಲೆನಾಡಿನವರೂ ಹೇಳಿದರೆ ಅದು ಸರಿ. ಮೈಸೂರಿನ ಲೆಕ್ಕ ಬೇರೆ. ಮುಂಗಾರಿನ ಮೋಡಗಳು ಪಶ್ಚಿಮ ಘಟ್ಟದ ಪಡುವಣ ಇಳಿಜಾರಿನಲ್ಲಿಯೇ ತಮ್ಮ ನೀರಿನ ಬಹುಪಾಲನ್ನು ಸುರಿಸಿ ಬರುವುದರಿಂದ, ಮಳೆನೆರಳಿನಲ್ಲಿರುವ ನಮಗೆ ಆಗ ಸಿಗುವುದು ಬೀಸುಗಾಳಿ ಮತ್ತು ತುಂತುರು. ಮಳೆ ಎಂದು ಕರೆಯಬಹುದಾದ ಮಳೆ ಬರುವುದು ಮೇ ತಿಂಗಳಿನಲ್ಲಿ ಒಮ್ಮೆ, ಅಕ್ಟೋಬರ್‌ನಲ್ಲಿ ಇನ್ನೊಮ್ಮೆ. ಜುಲೈಗಿಂತ ಅಕ್ಟೋಬರ್‌ನಲ್ಲಿಯೇ ಇಲ್ಲಿ ಹೆಚ್ಚು ಮಳೆಯಾಗುತ್ತದೆ. ಅಕ್ಟೋಬರ್ ಎರಡನೆಯ ವಾರದ ಹೊತ್ತಿಗೆ ಚಿತ್ತೆ ಮಳೆ, ತಿಂಗಳ ಕೊನೆಯ ವಾರದಲ್ಲಿ ಸ್ವಾತಿ ಮಳೆ. ಎಲ್ಲಿ ಸುರಿಯುತ್ತದೆ, ಎಲ್ಲಿ ಬಿಡುತ್ತದೆ ಎಂದು ಹೇಳಲಾಗದ ಕಾರಣಕ್ಕೆ ಹಳ್ಳಿಗಳಲ್ಲಿ ಚಿತ್ತೆ ಮಳೆಯನ್ನು ಕುರುಡು ಚಿತ್ತೆ ಎನ್ನುತ್ತಾರೆ. ಸರಸ್ವತಿಪುರಂನಲ್ಲಿ ಚರಂಡಿ ತುಂಬಿ ಹರಿಯುತ್ತಿರುವಾಗ ಸಿದ್ಧಾರ್ಥನಗರದಲ್ಲಿ ಬಟ್ಟೆ ಒಣಗುತ್ತಿರುವುದು ಈ ದಿನಗಳಲ್ಲಿ ಸಾಮಾನ್ಯ ಸಂಗತಿ.

ಈ ಮಳೆಗೆ ಎರಡು ಬಗೆಗಳಿವೆ. ಮನೆಯಲ್ಲಿರುವವರಿಗೆ ಎರಡರ ಪರಿಚಯವೂ ಇರಬೇಕು. ಬಂಗಾಳ ಕೊಲ್ಲಿಯಲ್ಲಿ ವಾಯುಭಾರ ಕುಸಿತವಾದಾಗ ಬರುವುದು ಜಡಿಮಳೆ. ಬೆಳಗು, ಮಧ್ಯಾಹ್ನ, ಸಂಜೆ ಮೂರರ ಬೆಳಕೂ ಒಂದೇ ಆಗಿ, ಗಡಿಯಾರ ನೋಡದೆ ಹೊತ್ತು ತಿಳಿಯುವುದಿಲ್ಲ. ಉಳಿದ ದಿನಗಳಲ್ಲಿ ಬೆಳಿಗ್ಗೆ ತೊಳೆದಿಟ್ಟಂತಹ ಬಿಸಿಲು ಇರುತ್ತದೆ. ಆ ಬಿಸಿಲಿಗೆ ನೆಲ ಕಾದು, ಗಾಳಿಯಲ್ಲಿರುವ ತೇವ ಮೇಲೇರಿ, ಮಧ್ಯಾಹ್ನ ಮೂರರ ಹೊತ್ತಿಗೆ ಮೋಡ ಕಟ್ಟಿ, ಸಂಜೆಗೆ ಗುಡುಗು ಸಹಿತ ಸುರಿದು, ರಾತ್ರಿಯ ಊಟದ ವೇಳೆಗೆ ನಿಂತುಬಿಡುತ್ತದೆ. ಈ ಎರಡನೆಯ ಬಗೆಯ ದಿನವೇ ಮನೆಯಲ್ಲಿರುವುದಕ್ಕೆ ಹೇಳಿ ಮಾಡಿಸಿದ್ದು. ಬಿಸಿಲು ಬೇಕಾದ ಕೆಲಸಗಳಿಗೆ ಬೆಳಗು, ಯಾವ ಕೆಲಸವೂ ಇಲ್ಲದೆ ಕುಳಿತುಕೊಳ್ಳುವುದಕ್ಕೆ ಸಂಜೆ ಎಂದು ದಿನವನ್ನು ಆಕಾಶವೇ ಹಂಚಿಕೊಡುತ್ತದೆ.

ಶರತ್ಕಾಲವೆಂದ ಕೂಡಲೇ ಕೆಂಪು, ಹಳದಿ ಎಲೆಗಳು ಉದುರುವ ಚಿತ್ರಗಳನ್ನು ಈಗ ನಮ್ಮವರೂ ಹಂಚಿಕೊಳ್ಳುತ್ತಾರೆ. ಅಂಥ ಊರುಗಳಲ್ಲಿ ಇರುವವರಿಗೆ ಅದು ನಿಜವಾದ ಶರತ್ಕಾಲ, ಅದರ ಸೊಗಸೇ ಬೇರೆ. ನಮ್ಮಲ್ಲಿ ಹೊಂಗೆ, ಅರಳಿ ಎಲೆ ಉದುರಿಸುವುದು ಸಂಕ್ರಾಂತಿ ಕಳೆದ ಮೇಲೆ. ಆಶ್ವಯುಜ, ಕಾರ್ತಿಕಗಳಲ್ಲಿ ಮರಗಳು ಇಡೀ ವರ್ಷದಲ್ಲಿಯೇ ಅತ್ಯಂತ ದಟ್ಟ ಹಸಿರಾಗಿರುತ್ತವೆ. ಬೆಳಿಗ್ಗೆ ಬಾಗಿಲು ತೆರೆದರೆ ಪಾರಿಜಾತ ಬಿದ್ದಿರುತ್ತದೆ. ಕತ್ತಲಾದ ಮೇಲೆ ಆಕಾಶಮಲ್ಲಿಗೆಯ ಉದ್ದ ತೊಟ್ಟಿನ ಬಿಳಿ ಹೂವುಗಳು ಒದ್ದೆ ರಸ್ತೆಯ ಮೇಲೆ ಉದುರಿ, ಆ ಪರಿಮಳ ಕಿಟಕಿಯವರೆಗೂ ಬರುತ್ತದೆ. ರಾತ್ರಿಯ ತಾಪಮಾನ 20 ಡಿಗ್ರಿಯ ಆಸುಪಾಸಿಗೆ ಇಳಿಯುತ್ತದೆ. ಹೊದಿಕೆ ಬೇಕೆನಿಸುವಷ್ಟು ತಂಪು, ಸ್ವೆಟರ್ ಬೇಡವೆನಿಸುವಷ್ಟು ಹಿತ.

ಮೈಸೂರಿನ ಮನೆಗಳಿಗೆ ಈ ವಾರಾಂತ್ಯಗಳಲ್ಲಿ ಒಂದು ನಿಗದಿತ ಕೆಲಸವೂ ಇದೆ. ಅದು ಗೊಂಬೆಗಳನ್ನು ಎತ್ತಿಡುವುದು. ಪಾಡ್ಯದಂದು ಪಟ್ಟದ ಗೊಂಬೆಗಳನ್ನು ಕೂರಿಸುವ ಸಂಭ್ರಮವನ್ನು ಎಲ್ಲರೂ ಬರೆಯುತ್ತಾರೆ, ಫೋಟೊ ಹಾಕುತ್ತಾರೆ. ಹಂತಗಳನ್ನು ಬಿಚ್ಚುವ ಕೆಲಸದ ಬಗ್ಗೆ ಯಾರೂ ಬರೆಯುವುದಿಲ್ಲ. ನನ್ನ ಮಟ್ಟಿಗೆ ಹಬ್ಬದ ಅತ್ಯಂತ ಆಪ್ತವಾದ ಭಾಗ ಇದೇ. ವಿಜಯದಶಮಿಯ ರಾತ್ರಿ ರಾಜ, ರಾಣಿಯರನ್ನು ಮಲಗಿಸಿದ ಮೇಲೆ ಉಳಿದವುಗಳಿಗೆ ಅವಸರವಿಲ್ಲ. ಆದರೆ ಅವುಗಳನ್ನು ಪೆಟ್ಟಿಗೆಗೆ ಹಾಕುವುದಕ್ಕೆ ಒಣ ಬೆಳಗೇ ಬೇಕು, ಏಕೆಂದರೆ ಹಿಂಗಾರಿನ ತೇವವನ್ನು ಒಳಗಿಟ್ಟು ಮುಚ್ಚಿದರೆ ಮಣ್ಣಿನ ಗೊಂಬೆಯ ಬಣ್ಣ ಮುಂದಿನ ನವರಾತ್ರಿಯ ಹೊತ್ತಿಗೆ ಸಿಪ್ಪೆಯೇಳುತ್ತದೆ. ಮಣ್ಣಿನವನ್ನು ಒಣ ಹತ್ತಿ ಬಟ್ಟೆಯಿಂದ ಮಾತ್ರ ಒರೆಸಬೇಕು, ನೀರು ಸೋಕಿಸಬಾರದು. ಹಾಲೆ ಮರದಲ್ಲಿ ಕಡೆದು ಅರಗಿನ ಬಣ್ಣ ಹಾಕಿದ ಚನ್ನಪಟ್ಟಣದ ಗೊಂಬೆಗಳು ಗಟ್ಟಿ, ಮಕ್ಕಳ ಕೈಗೆ ಧೈರ್ಯವಾಗಿ ಕೊಡಬಹುದು. ಕೊಪ್ಪಳದ ಕಡೆಯ ಕಿನ್ನಾಳದ ಗೊಂಬೆಗಳು ಹಗುರ ಮರದವು. ಅವನ್ನು ದೊಡ್ಡವರೇ ಹಿಡಿಯಬೇಕು. ಹಳೆಯ ಪಂಚೆ, ನೂಲಿನ ಸೀರೆಯ ತುಂಡುಗಳಲ್ಲಿ ಒಂದೊಂದನ್ನೂ ಸುತ್ತಿ, ಮೇಲೆ ದಿನಪತ್ರಿಕೆಯ ಹಾಳೆ ಸುತ್ತಿ, ನಡುನಡುವೆ ಬಜೆಯ ತುಂಡು ಮತ್ತು ಒಣಗಿಸಿದ ಬೇವಿನ ಎಲೆ ಇಡುವುದು ನಮ್ಮ ಮನೆಯ ಕ್ರಮ. ನುಸಿಗುಳಿಗೆಯ ವಾಸನೆ ಬಣ್ಣದೊಳಗೆ ಸೇರಿಕೊಳ್ಳುತ್ತದೆಂದು ನನ್ನ ತಾಯಿ ಅದನ್ನು ಎಂದೂ ಬಳಸಲಿಲ್ಲ, ನಾನೂ ಬಳಸುವುದಿಲ್ಲ.

ಎತ್ತಿಡುವಾಗ ಹಿಂದಿನ ವರ್ಷಗಳ ಕಾಗದವನ್ನು ಬದಲಿಸಬೇಕಾಗುತ್ತದೆ. ‘ಮೈಸೂರು ಮಿತ್ರ’, ‘ಆಂದೋಲನ’ ಪತ್ರಿಕೆಗಳ ಹಳದಿಗಟ್ಟಿದ ಹಾಳೆಗಳು ಒಂದೊಂದಾಗಿ ಬಿಚ್ಚಿಕೊಳ್ಳುತ್ತವೆ. ಕನ್ನಂಬಾಡಿ ಕಟ್ಟೆಯ ನೀರಿನ ಮಟ್ಟ, ಯಾವುದೋ ಬಡಾವಣೆಯ ನಿವೇಶನದ ಜಾಹೀರಾತು, ಈಗ ಇಲ್ಲದ ಚಿತ್ರಮಂದಿರದ ಪ್ರದರ್ಶನದ ವೇಳೆ ಇವೆಲ್ಲವನ್ನೂ ಮಕ್ಕಳು ಜೋರಾಗಿ ಓದುತ್ತಾರೆ. ಅರ್ಧ ಗಂಟೆಯಲ್ಲಿ ಮುಗಿಯಬೇಕಾದ ಕೆಲಸ ಮಧ್ಯಾಹ್ನದವರೆಗೆ ಬೆಳೆಯುತ್ತದೆ. ಹಾಗೆ ಬೆಳೆಯಲು ಅವಕಾಶವಿರುವ ದಿನವನ್ನೇ ನಾನು ವಾರಾಂತ್ಯ ಎಂದು ಕರೆಯಲು ಬಯಸುತ್ತೇನೆ. ಗಂಟೆಗಳನ್ನು ಹಂಚಿಟ್ಟುಕೊಂಡು ಹೊರಡುವ ಪ್ರವಾಸದಲ್ಲಿ ಮಗಳು “ಅಮ್ಮಾ, ಈ ಸಿನಿಮಾ ಎಲ್ಲಿ ನೋಡಿದ್ರಿ ನೀವು?” ಎಂದು ಕೇಳುವುದಕ್ಕೂ, ನಾನು ಅದಕ್ಕೆ ಪೂರ್ತಿಯಾಗಿ ಉತ್ತರಿಸುವುದಕ್ಕೂ ಸ್ಥಳವಿರುವುದಿಲ್ಲ.

ಅಡುಗೆಮನೆಯ ವಿಷಯಕ್ಕೆ ಬಂದರೆ, ಈ ದಿನಗಳಿಗೆ ಮಾರುಕಟ್ಟೆಯೇ ಒಂದು ಪಟ್ಟಿ ಕೊಡುತ್ತದೆ. ಹೊಲದಿಂದ ಕಿತ್ತ ಹಸಿ ಕಡಲೆಕಾಯಿ ಗಾಡಿಗಳಲ್ಲಿ ರಾಶಿಯಾಗಿ ಬರುತ್ತದೆ. ಮಣ್ಣು ಹೋಗುವಂತೆ ಮೂರು ನೀರಿನಲ್ಲಿ ತೊಳೆದು, ಕಲ್ಲುಪ್ಪು ಹಾಕಿ ಬೇಯಿಸಿ, ಬೆಂದ ಮೇಲೆಯೂ ಸ್ವಲ್ಪ ಹೊತ್ತು ಆ ನೀರಿನಲ್ಲಿಯೇ ಬಿಟ್ಟರೆ ಉಪ್ಪು ಸಿಪ್ಪೆಯನ್ನು ದಾಟಿ ಬೀಜಕ್ಕೆ ಇಳಿಯುತ್ತದೆ. ಸಂಜೆಯ ಗುಡುಗಿನೊಂದಿಗೆ ಇದಕ್ಕಿಂತ ಒಳ್ಳೆಯ ತಿಂಡಿಯನ್ನು ನಾನು ಕಂಡಿಲ್ಲ. ಸೀತಾಫಲ ಇನ್ನೂ ಇರುತ್ತದೆ. ಸೊಗಡಿನ ಅವರೆಕಾಯಿಗೆ ಇನ್ನೂ ಕಾಯಬೇಕು. ಚಳಿ ಸರಿಯಾಗಿ ಬೀಳದೆ ಅದಕ್ಕೆ ರುಚಿ ಬರುವುದಿಲ್ಲ, ಈಗಲೇ ಕೊಳ್ಳುವವರಿಗೆ ದುಡ್ಡು ದಂಡ. ಆಯುಧಪೂಜೆಗೆಂದು ತಂದು ಉಳಿದ ಬೂದುಗುಂಬಳವನ್ನು ಬಹಳಷ್ಟು ಮನೆಗಳಲ್ಲಿ ಮೂಲೆಯಲ್ಲಿ ಮರೆತುಬಿಡುತ್ತಾರೆ. ರಸ್ತೆಯಲ್ಲಿ ಒಡೆದು ದ್ವಿಚಕ್ರ ವಾಹನದವರು ಜಾರಿ ಬೀಳುವಂತೆ ಮಾಡುವುದಕ್ಕಿಂತ ಅದನ್ನು ಮಜ್ಜಿಗೆಹುಳಿಗೆ ಹಾಕುವುದು, ತುರಿದು ಕಾಶಿ ಹಲ್ವ ಮಾಡುವುದು ಎಷ್ಟೋ ಮೇಲು. ಶನಿವಾರ ನೆನೆಸಿ ಮೊಳಕೆ ಕಟ್ಟಿದ ಹುರುಳಿಕಾಳಿನ ಬಸ್ಸಾರು ಸೋಮವಾರಕ್ಕೆ ಇನ್ನಷ್ಟು ರುಚಿಯಾಗುತ್ತದೆ ಎಂಬುದನ್ನು ಹಳೇ ಮೈಸೂರಿನ ಯಾರಿಗೂ ಹೇಳಿಕೊಡಬೇಕಾಗಿಲ್ಲ.

ಇಲ್ಲಿಯೇ ನಾನು ಅತ್ಯಂತ ಮುಖ್ಯವೆಂದುಕೊಂಡಿರುವ ಮಾತನ್ನು ಹೇಳಬೇಕು. ಮನೆಯಲ್ಲಿ ಬೆಚ್ಚಗೆ ಕಳೆಯುವ ವಾರಾಂತ್ಯ ಎಂದು ನಾವು ಹೊಗಳುವುದು ಅನೇಕ ಮನೆಗಳಲ್ಲಿ ಒಬ್ಬ ಹೆಂಗಸಿನ ಅತಿ ಹೆಚ್ಚು ದುಡಿಮೆಯ ದಿನವಾಗಿರುತ್ತದೆ. ಎಲ್ಲರೂ ಮನೆಯಲ್ಲಿದ್ದಾರೆ ಎಂದರೆ ತಿಂಡಿ ಎರಡು ಬಾರಿ, ಕಾಫಿ ನಾಲ್ಕು ಬಾರಿ, ಬಿಸಿಬಿಸಿ ಬೋಂಡ ಕೇಳುವವರು ಒಬ್ಬರು, ರೊಟ್ಟಿ ಕೇಳುವವರು ಇನ್ನೊಬ್ಬರು. ಕೇಂದ್ರ ಸರ್ಕಾರದ 2024ರ ಸಮಯ ಬಳಕೆ ಸಮೀಕ್ಷೆಯ ಪ್ರಕಾರ, ಸಂಬಳವಿಲ್ಲದ ಮನೆಗೆಲಸದಲ್ಲಿ ತೊಡಗುವ ಹೆಂಗಸರು ದಿನಕ್ಕೆ ಸರಾಸರಿ 289 ನಿಮಿಷಗಳನ್ನು ಅದಕ್ಕೆ ಕೊಡುತ್ತಾರೆ; ಅದೇ ಕೆಲಸದಲ್ಲಿ ತೊಡಗುವ ಗಂಡಸರು ಕೊಡುವುದು 88 ನಿಮಿಷ. ನವರಾತ್ರಿಯ ದಿನಗಳ ಉಸಲಿ, ಪಾಯಸ, ಅತಿಥಿ ಸತ್ಕಾರಗಳನ್ನು ಮುಗಿಸಿ ಬಂದವಳಿಗೆ ಈ ಬಿಡುವು ಬೇರೆಯವರಿಗಿಂತ ಹೆಚ್ಚು ಸಲ್ಲಬೇಕು. ಅವಳು ಒಲೆಯ ಮುಂದೆ ನಿಂತಿರುವಷ್ಟು ಹೊತ್ತು ಆ ಮನೆಯಲ್ಲಿ ವಾರಾಂತ್ಯ ಆರಂಭವಾಗಿಲ್ಲ ಎಂದೇ ನಾನು ತಿಳಿಯುತ್ತೇನೆ.

ನಮ್ಮ ಮನೆಯಲ್ಲಿ ಇದಕ್ಕೆ ಮಾಡಿಕೊಂಡಿರುವ ವ್ಯವಸ್ಥೆ ಸರಳವಾದದ್ದು. ಈ ಎರಡು ಶನಿವಾರ, ಭಾನುವಾರಗಳಲ್ಲಿ ಮಧ್ಯಾಹ್ನ ಒಂದೇ ಅಡುಗೆ. ಬಿಸಿಬೇಳೆಬಾತ್ ಆದರೆ ಅದೊಂದೇ, ಜೊತೆಗೆ ಹಪ್ಪಳ. ಸಂಜೆಯ ಕಡಲೆಕಾಯಿ ತೊಳೆದು ಬೇಯಿಸುವುದು ನಮ್ಮ ಮನೆಯವರ ಪಾಲು, ಪಾತ್ರೆ ಮಕ್ಕಳ ಪಾಲು. ರಾತ್ರಿಗೆ ಅನ್ನ, ಮೆಣಸಿನ ಸಾರು. ಹೊಟ್ಟೆಗೂ ಅದರಿಂದ ಒಳ್ಳೆಯದೇ ಆಗುತ್ತದೆ, ಹಬ್ಬದ ಸಿಹಿ ತಿಂದು ತಿಂದು ಎಲ್ಲರಿಗೂ ಸಾಕಾಗಿರುತ್ತದೆ. ಅಡುಗೆ ಬೇಡವೆಂದು ಮೊಬೈಲಿನಲ್ಲಿ ಊಟ ತರಿಸುವುದು ಇನ್ನೊಂದು ದಾರಿ ಎಂದು ಕೆಲವರು ಹೇಳಬಹುದು. ಗುಡುಗು ಮಳೆಯ ನಡುವೆ, ನೀರು ನಿಂತ ರಸ್ತೆಯಲ್ಲಿ, ಪ್ಲಾಸ್ಟಿಕ್ ಹೊದ್ದು ಬೈಕಿನಲ್ಲಿ ಬರುವ ಹುಡುಗನನ್ನು ನೆನೆದರೆ ನನಗೆ ಅದು ರುಚಿಸುವುದಿಲ್ಲ. ಅವನ ಸಂಪಾದನೆಗೆ ನಾನು ವಿರೋಧಿಯಲ್ಲ. ಮಳೆ ನಿಂತ ಮೇಲೆ ತರಿಸಿದರೂ ಅವನಿಗೆ ಆ ದುಡ್ಡು ಸಿಗುತ್ತದೆ. ಸುರಿಯುವ ಹೊತ್ತಿನಲ್ಲಿ ಮಾತ್ರ ಬೇಡ ಎಂಬುದು ನನ್ನ ಕೋರಿಕೆ.

ಸಂಜೆಯ ಬಗ್ಗೆ ಎಷ್ಟು ಹೇಳಿದರೂ ಸಾಲದು. ಧಾರವಾಡದ ಕಡೆಯಿಂದ ಬಂದ ನಮ್ಮ ಅತ್ತೆಯವರು ತಮ್ಮ ಹಳೆಯ ಸೀರೆಗಳನ್ನು ಪದರ ಪದರವಾಗಿ ಸೇರಿಸಿ ಕೈಯಲ್ಲಿಯೇ ಹೊಲಿದ ಕೌದಿ ಈ ತಿಂಗಳಲ್ಲಿ ಅಟ್ಟದಿಂದ ಇಳಿಯುತ್ತದೆ. ಬೆಳಗಿನ ಬಿಸಿಲಿಗೆ ಹಾಕಿ ತೆಗೆದ ಕೌದಿಯನ್ನು ಹೊದ್ದು, ನಡುಮನೆಯ ಕಿಟಕಿಯ ಪಕ್ಕ ಅವರು ಕುಳಿತುಕೊಳ್ಳುತ್ತಾರೆ. “ಕೌದಿ ಹೊಚ್ಚಿಕೊಂಡು ಕುಂತ್ರ ಮಳಿ ಚಲೋ ಕೇಳಸ್ತದ ನೋಡವಾ” ಎಂದು ಅವರು ಹೇಳುವುದು ನನಗೆ ಈಗ ಪೂರ್ತಿ ಅರ್ಥವಾಗುತ್ತದೆ. ಚಳ್ಳಕೆರೆಯ ಕುರಿ ಉಣ್ಣೆಯ ಕಂಬಳಿಯೂ ಮನೆಯಲ್ಲಿದೆ, ಅದು ಪುಷ್ಯದ ಚಳಿಗೆ. ಅಕ್ಟೋಬರ್‌ನ ತಂಪಿಗೆ ಕೌದಿಯ ತೂಕವೇ ಸರಿ.

ಟಿವಿಗೆ ಬದಲಾಗಿ ಆ ಹೊತ್ತಿಗೆ ನಾವು ರೇಡಿಯೊ ಹಾಕುತ್ತೇವೆ. ಇದರಲ್ಲಿ ಹಳೆಯದರ ಮೋಹ ಮಾತ್ರವಿಲ್ಲ. 1935ರಲ್ಲಿ ಮಹಾರಾಜ ಕಾಲೇಜಿನ ಮನಶ್ಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಎಂ. ವಿ. ಗೋಪಾಲಸ್ವಾಮಿಯವರು ಒಂಟಿಕೊಪ್ಪಲಿನ ತಮ್ಮ ಮನೆ ‘ವಿಠ್ಠಲ ವಿಹಾರ’ದಿಂದಲೇ ಬಾನುಲಿ ಪ್ರಸಾರವನ್ನು ಆರಂಭಿಸಿದರು, ‘ಆಕಾಶವಾಣಿ’ ಎಂಬ ಹೆಸರು ಆ ನಿಲಯದ್ದು. ಮೈಸೂರಿನ ರೇಡಿಯೊ ಹುಟ್ಟಿದ್ದೇ ಒಂದು ಮನೆಯೊಳಗೆ, ಹಾಗಾಗಿ ಮನೆಯೊಳಗೆ ಕುಳಿತು ಅದನ್ನು ಕೇಳುವುದರಲ್ಲಿ ನನಗೆ ವಿಶೇಷವಾದ ಸಂತೋಷವಿದೆ. ರೇಡಿಯೊ ಕೇಳುತ್ತ ಕೈ ಬೇರೆ ಕೆಲಸ ಮಾಡಬಹುದು, ಕಣ್ಣು ಮಳೆ ನೋಡಬಹುದು, ಬೇಕಾದಾಗ ಮಾತಾಡಬಹುದು. ಕರೆಂಟು ಹೋದರೂ ಬ್ಯಾಟರಿಯ ಮೇಲೆ ಮೈಸೂರು ಆಕಾಶವಾಣಿಯ ಎಫ್‌ಎಂ 100.6 ಕೇಳುತ್ತಲೇ ಇರುತ್ತದೆ. ಕರೆಂಟು ಹೋದಾಗ ಮನೆಯವರೆಲ್ಲ ತಮ್ಮ ತಮ್ಮ ಕೋಣೆಗಳಿಂದ ನಡುಮನೆಗೆ ಬಂದು ಸೇರುವುದನ್ನು ನೀವೂ ಗಮನಿಸಿರಬಹುದು. ಅದಕ್ಕೆ ಕರೆಂಟು ಹೋಗುವವರೆಗೆ ಏಕೆ ಕಾಯಬೇಕು?

ಸುತ್ತಾಡುವುದನ್ನು ನಾನು ತೆಗಳುತ್ತಿಲ್ಲ. ದಸರಾ ವಸ್ತುಪ್ರದರ್ಶನ ಹಬ್ಬ ಮುಗಿದ ಮೇಲೂ ವಾರಗಟ್ಟಲೆ ಇರುತ್ತದೆ, ಅದನ್ನು ವಾರದ ನಡುವಿನ ಯಾವುದಾದರೂ ಸಂಜೆ ನೋಡಬಹುದು. ಕೊಡಗಿನ ಬೆಟ್ಟಗಳು ಡಿಸೆಂಬರ್‌ನಲ್ಲಿ, ಮಂಜು ಬಿದ್ದ ಬೆಳಗುಗಳಲ್ಲಿ ಇನ್ನೂ ಚೆನ್ನಾಗಿರುತ್ತವೆ, ಆಗ ರಸ್ತೆಯೂ ಒಣಗಿರುತ್ತದೆ. ಮಳೆ ಬಂದರೆ ಸೋರುವ ಮನೆಯಲ್ಲಿರುವವರಿಗೆ, ನೀರು ನುಗ್ಗುವ ತಗ್ಗು ಬಡಾವಣೆಯವರಿಗೆ ಈ ಬರಹದ ಬಹುಪಾಲು ಅನ್ವಯಿಸುವುದಿಲ್ಲ ಎಂಬುದೂ ನನಗೆ ತಿಳಿದಿದೆ. ಮಳೆಗೆ ಮೊದಲು ಚರಂಡಿಯ ಹೂಳು ತೆಗೆಸುವಂತೆ ನಗರಪಾಲಿಕೆಯನ್ನು ಒತ್ತಾಯಿಸುವ ಹೊಣೆ ಒಣ ಮನೆಯಲ್ಲಿರುವ ನಮ್ಮದೇ ಹೆಚ್ಚು, ಏಕೆಂದರೆ ದೂರು ಬರೆಯುವ ಪುರುಸೊತ್ತು ಇರುವುದು ನಮಗೆ. ಆ ಪತ್ರವನ್ನು ಬರೆಯುವುದಕ್ಕೂ ಭಾನುವಾರದ ಬೆಳಗು ಒಳ್ಳೆಯ ಹೊತ್ತು.

ಉಳಿದಂತೆ ಸ್ನೇಹಿತರಲ್ಲಿ ನನ್ನದೊಂದು ವಿನಂತಿಯಿದೆ. ತ್ರಯೋದಶಿಯ ಸಂಜೆ ನೀರು ತುಂಬುವ ಹಬ್ಬ ಬರುತ್ತದೆ. ಬಚ್ಚಲ ಹಂಡೆಯನ್ನು ತಿಕ್ಕಿ, ಸುಣ್ಣ, ಕೆಮ್ಮಣ್ಣಿನ ಪಟ್ಟೆ ಎಳೆದು ನೀರು ತುಂಬಿಸಿದ ಕ್ಷಣದಿಂದ ಮತ್ತೆ ಎಣ್ಣೆ, ಹಿಟ್ಟು, ಅಂಗಡಿ, ನೆಂಟರು ಆರಂಭ. ಅದರ ಸಾಮಾನಿನ ಪಟ್ಟಿ ಬರೆಯುವುದನ್ನೂ, ಜವಳಿ ಅಂಗಡಿಗೆ ಹೋಗುವುದನ್ನೂ ಈ ಶನಿವಾರವೇ ಶುರು ಮಾಡಬೇಡಿ. ಗೊಂಬೆಗಳು ಇನ್ನೂ ಹಂತದ ಮೇಲಿದ್ದರೆ ಬೆಳಿಗ್ಗೆ ಬಿಸಿಲು ನೋಡಿಕೊಂಡು ಇಳಿಸಿ. ಸುತ್ತುವುದಕ್ಕೆ ಹಳೆಯ ಪಂಚೆ ಸಾಲದಿದ್ದರೆ ನಮ್ಮ ಮನೆಯಲ್ಲಿ ಬೇಕಾದಷ್ಟಿವೆ, ಮೂರು ಗಂಟೆಯೊಳಗೆ ಬಂದು ತೆಗೆದುಕೊಂಡು ಹೋಗಬಹುದು.